ನಾಳಿನ ಧಾರಣೆ ಬಲ್ಲವರಾರು?

ಯುಗಾದಿಯ ದಿನ ಬೇವು-ಬೆಲ್ಲ ಹಂಚಿಯಾದ ಮೇಲೆ ದೇವಸ್ಥಾನದ ಜಗುಲಿಯಲ್ಲಿ ಪಂಚಾಂಗ ಓದಿಸಿ ಕೇಳುವ ಪದ್ಧತಿ ಹಳೆ ಮೈಸೂರು ಸೀಮೆಯಲ್ಲಿ ಇನ್ನೂ ಉಳಿದಿದೆ. ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಗೆ ಆದಾಯವೆಷ್ಟು, ವ್ಯಯವೆಷ್ಟು ಎಂದು ಪುರೋಹಿತರು ಓದುತ್ತಾ ಹೋಗುತ್ತಾರೆ. ವರ್ಷದ ಆಡಳಿತವನ್ನು ಹಂಚಿಕೊಂಡ ಒಂಬತ್ತು ಮಂದಿ ‘ನವನಾಯಕ’ರಲ್ಲಿ ಅರ್ಘಾಧಿಪತಿ ಎಂಬವನೂ ಒಬ್ಬ. ‘ಅರ್ಘ’ ಎಂದರೆ ಬೆಲೆ. ಅಂದರೆ ಧಾರಣೆಯ ಏರಿಳಿತವನ್ನು ನೋಡಿಕೊಳ್ಳಲೆಂದೇ ಒಂದು ಗ್ರಹವನ್ನು ನೇಮಿಸಲಾಗಿದೆ! ಬೆಲ್ಲ, ತುಪ್ಪದಂಥ ರಸವಸ್ತುಗಳ ಉಸ್ತುವಾರಿಗೆ ರಸಾಧಿಪತಿ ಬೇರೆ. ಕಬ್ಬು ಬೆಳೆಯುವ ಸೀಮೆಯಲ್ಲಿ ಈ ಇಬ್ಬರ ಹೆಸರು ಬಂದಾಗ ಕೇಳುವವರ ಕಿವಿ ಸ್ವಲ್ಪ ಹೆಚ್ಚೇ ನಿಮಿರುವುದು ಸಹಜ.

ಮದ್ದೂರು ಪಟ್ಟಣಕ್ಕೆ ಸಮೀಪದಲ್ಲಿ, ಶಿಂಷಾ ನದಿಯ ದಡದಲ್ಲಿರುವ ವೈದ್ಯನಾಥಪುರ ಅಂಥ ಸೀಮೆಯ ಒಂದು ಊರು. ವೈದ್ಯನಾಥೇಶ್ವರನ ಪುರಾತನ ದೇವಸ್ಥಾನದಿಂದಾಗಿ ಊರಿಗೆ ಈ ಹೆಸರು. ಸುತ್ತ ಕಬ್ಬು, ಭತ್ತ, ತೆಂಗು. ಒಂದು ಕಡೆ ಬೆಂಗಳೂರಿಗೆ ಹೋಗುವ ರೈಲು, ಇನ್ನೊಂದು ಕಡೆ ಮೈಸೂರಿಗೆ ಹಾರುವ ಹೆದ್ದಾರಿ. ಇಂಥ ಊರುಗಳಲ್ಲಿ ಇಂದು ಇಪ್ಪತ್ತು-ಮೂವತ್ತರ ವಯಸ್ಸಿನ ತಲೆಮಾರು ಹುಟ್ಟುವ ಹೊತ್ತಿಗೇ ಅಂತರ್ಜಾಲ ದೇಶದೊಳಗೆ ಕಾಲಿಟ್ಟಿತ್ತು. ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಈ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಈ ಮಕ್ಕಳ ಕೈಗೆ ಅದು ಮೊಬೈಲಿನ ಮೂಲಕ ಬಂದದ್ದು ಎರಡು ದಶಕಗಳ ನಂತರ. ಇವರಿಗೆ ಧಾರಣೆ ತಿಳಿಯಲು ಅರ್ಘಾಧಿಪತಿ ಬೇಕಿಲ್ಲ. ಮಾರುಕಟ್ಟೆಯ ದರ, ಮಳೆಯ ಮುನ್ಸೂಚನೆ, ಷೇರುಪೇಟೆಯ ಸೂಚ್ಯಂಕ, ಮುಂದಿನ ಹತ್ತು ವರ್ಷದಲ್ಲಿ ಯಾವ ಉದ್ಯೋಗ ಉಳಿಯುತ್ತದೆ ಎಂಬ ಭವಿಷ್ಯ, ಎಲ್ಲವೂ ಅಂಗೈಯಲ್ಲಿದೆ.

ಹಾಗಾದರೆ ಈ ತಲೆಮಾರು ನಾಳೆಯನ್ನು ಹಿರಿಯರಿಗಿಂತ ಚೆನ್ನಾಗಿ ಬಲ್ಲದೇ? ಬಲ್ಲೆನೆಂದು ಅದು ನಂಬಿದೆಯೇ? ಉತ್ತರ ಅಷ್ಟು ಸರಳವಾಗಿಲ್ಲ.

ಭವಿಷ್ಯ ನುಡಿದವರು ಪುರೋಹಿತರಷ್ಟೇ ಅಲ್ಲ

ಕನ್ನಡ ನಾಡಿನಲ್ಲಿ ಭವಿಷ್ಯ ಕೇಳುವ ಹಂಬಲಕ್ಕೆ ದೀರ್ಘ ಇತಿಹಾಸವಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ರೈತರು ಮಳೆಗೆ, ವರ್ತಕರು ಧಾರಣೆಗೆ, ರಾಜಕಾರಣಿಗಳು ಕುರ್ಚಿಗೆ ಅನ್ವಯಿಸಿಕೊಳ್ಳುತ್ತಾರೆ. ಸಾಲು ಒಂದೇ ಆದರೂ ಅರ್ಥ ಹಲವು ಎಂಬುದೇ ಅದರ ಬಲ. ನಿಜವಾಗದ ಕಾರಣಿಕ ಎಂಬುದೇ ಇಲ್ಲ, ಸರಿಯಾಗಿ ಅರ್ಥವಾಗದ ಕಾರಣಿಕ ಇರಬಹುದು!

ಆದರೆ ಮಂಡ್ಯ ಸೀಮೆಯ ಬದುಕನ್ನು ಬದಲಿಸಿದ ಅತಿ ದೊಡ್ಡ ಭವಿಷ್ಯವನ್ನು ನುಡಿದವರು ಎಂಜಿನಿಯರುಗಳು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಗಣಿಗಳ ಬೇಡಿಕೆ ಏರುತ್ತಲೇ ಇರುತ್ತದೆ, ಬೇಸಿಗೆಯಲ್ಲೂ ನೀರು ಕೊಡಬೇಕಾದರೆ ಕಾವೇರಿಗೆ ಅಣೆಕಟ್ಟು ಬೇಕು, ಆ ನೀರಿನಿಂದಲೇ ಒಣಭೂಮಿಯನ್ನೂ ತೋಯಿಸಬಹುದು ಎಂಬ ಲೆಕ್ಕದ ಮೇಲೆ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಆಗ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರ ಯೋಜನೆಗೆ ಹಣಕಾಸಿನ ಆಕ್ಷೇಪಗಳೂ ಕಡಿಮೆ ಇರಲಿಲ್ಲ. ಕಟ್ಟೆ ಪೂರ್ಣಗೊಳ್ಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನಾಲೆಯಲ್ಲಿ ನೀರು ಬಂತು, ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಅವರ ಪರಿಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಭವಿಷ್ಯ ನಿಜವಾದದ್ದು ಹೇಳಿದವರ ದೂರದೃಷ್ಟಿಯಿಂದ ಮಾತ್ರವಲ್ಲ. ಹೇಳಿದ್ದನ್ನು ನಿಜ ಮಾಡಲು ಸರ್ಕಾರ ಇಪ್ಪತ್ತು ವರ್ಷ ಹಣ ಸುರಿಯಿತು, ಕಾಯಿತು. ರೈತನೂ ನಂಬಿ ಬೆಳೆ ಬದಲಿಸಿದ. ‘ಹೀಗಾಗುತ್ತದೆ’ ಎನ್ನುವುದಕ್ಕೂ ‘ಹೀಗೆ ಮಾಡುತ್ತೇವೆ’ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಇಂದಿನ ಹೆಚ್ಚಿನ ಮುನ್ನೋಟಗಳು ಮೊದಲನೆಯ ಬಗೆಯವು. ಹೇಳಿದವರಿಗೆ ಅದರ ಹೊಣೆ ಇರುವುದಿಲ್ಲ.

ಬದಲಾಗುವ ಬೋರ್ಡುಗಳು

ವ್ಯಾಪಾರದ ಬದಲಾವಣೆಯನ್ನು ಅಂತರ್ಜಾಲದ ತಲೆಮಾರು ಪುಸ್ತಕದಲ್ಲಿ ಓದಲಿಲ್ಲ, ತಾಲ್ಲೂಕು ಕೇಂದ್ರದ ಬೀದಿಯಲ್ಲಿ ನೋಡಿತು. 1980ರ ದಶಕದಲ್ಲಿ ಹಳ್ಳಿಗಳಿಗೆಂದೇ ರೂಪಿಸಿದ ದೇಶೀ ಸ್ವಯಂಚಾಲಿತ ದೂರವಾಣಿ ಕೇಂದ್ರಗಳಲ್ಲಿ ಮೊದಲನೆಯದು ಕಾರ್ಯಾರಂಭ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಅದರ ಬೆನ್ನಿಗೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಎಲ್ಲೆಡೆ ಎದ್ದವು. ಅಂಗವಿಕಲರಿಗೆ, ನಿರುದ್ಯೋಗಿ ಪದವೀಧರರಿಗೆ ಅದೊಂದು ಶಾಶ್ವತ ಜೀವನೋಪಾಯ ಎಂದೇ ಆಗ ನಂಬಲಾಗಿತ್ತು. ರಾತ್ರಿ ಕಡಿಮೆ ದರದ ಹೊತ್ತಿಗಾಗಿ ಜನ ಬೂತಿನ ಮುಂದೆ ಸಾಲುಗಟ್ಟುತ್ತಿದ್ದರು. ನಡುವೆ 1995ರಲ್ಲಿ ಪೇಜರ್ ಬಂತು, ಅದೇ ಭವಿಷ್ಯವೆಂದು ಜಾಹೀರಾತುಗಳು ಸಾರಿದವು. ದಶಕ ತುಂಬುವ ಮೊದಲೇ ಅದು ಹೇಳಹೆಸರಿಲ್ಲದಾಯಿತು. ಮೊಬೈಲ್ ಅಗ್ಗವಾದಂತೆ ಬೂತುಗಳೂ ಮುಚ್ಚಿದವು.

ಬೂತಿನ ಅಂಗಡಿಯೇ ಎಷ್ಟೋ ಕಡೆ ಸೈಬರ್ ಸೆಂಟರ್ ಆಯಿತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ನೆಲಕಚ್ಚಿದ ಮೇಲೆ ಗಂಟೆಗಿಷ್ಟು ಎಂದು ಹಣ ಕೊಟ್ಟು ಅಂತರ್ಜಾಲ ನೋಡುವವರು ಉಳಿಯಲಿಲ್ಲ. ಅದೇ ಅಂಗಡಿಯಲ್ಲಿ ಈಗ ಜೆರಾಕ್ಸ್, ಆಧಾರ್ ತಿದ್ದುಪಡಿ, ಪಹಣಿ, ಆನ್‌ಲೈನ್ ಅರ್ಜಿ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಗೆ ನೋಂದಣಿ ಆರಂಭವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಕಂಡ ನೂಕುನುಗ್ಗಲನ್ನು ಯಾವ ವಾಣಿಜ್ಯ ತಜ್ಞರೂ ಒಂದು ವರ್ಷ ಮೊದಲು ಊಹಿಸಿರಲಿಲ್ಲ.

ಬೋರ್ಡು ಬದಲಿಸಿಕೊಂಡ ಅಂಗಡಿ ಉಳಿಯಿತು, ಬದಲಿಸದ್ದು ಮುಚ್ಚಿತು. ತಂದೆಯ ತಲೆಮಾರಿಗೆ ಇದು ನಷ್ಟದ ಕಥೆ. ಮಗನಿಗೆ ಇದು ಲೋಕದ ಸಹಜ ನಡೆ. ಯಾವ ಕಸುಬೂ ಹತ್ತು ವರ್ಷಕ್ಕಿಂತ ಹೆಚ್ಚು ಅದೇ ರೂಪದಲ್ಲಿ ಇರುವುದಿಲ್ಲ ಎಂದು ಆತ ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾನೆ.

ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕಥೆ ಇನ್ನೂ ಸ್ವಾರಸ್ಯಕರ. 1996ರಲ್ಲಿ ಅಲ್ಲಿ ಕೆಫೆ ಕಾಫಿ ಡೇ ಮೊದಲ ಮಳಿಗೆ ತೆರೆದಾಗ ಅದು ಸೈಬರ್ ಕೆಫೆ. ಹೊಸತು ಎನಿಸಿದ್ದು ಗಣಕಯಂತ್ರ, ಜೊತೆಗೆ ಒಂದು ಲೋಟ ಕಾಫಿ. ಮುಂದೆ ಅಂತರ್ಜಾಲ ಎಲ್ಲರ ಜೇಬಿಗೆ ಬಂತು, ಕೆಫೆಯಿಂದ ಗಣಕಯಂತ್ರ ಹೊರಟುಹೋಯಿತು. ಉಳಿದದ್ದು ಚಿಕ್ಕಮಗಳೂರಿನ ಕಾಫಿ!

ಸರಿಯಾದ ಮಾತು, ತಪ್ಪಾದ ಹೊತ್ತು

1990ರ ದಶಕದ ಕೊನೆಯಲ್ಲಿ ಕರ್ನಾಟಕವಂತೂ ಭವಿಷ್ಯವಾಣಿಗಳ ಸಂತೆಯಾಗಿತ್ತು. 1997ರಲ್ಲಿ ರಾಜ್ಯ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. 1999ರಲ್ಲಿ ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಬೆಂಗಳೂರನ್ನು ಸಿಂಗಪುರ ಮಾಡುವ ಮಾತಾಡಿದರು. ಅವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು ಎಂಬುದು ಈ ಭಾಗದ ಜನರಿಗೆ ಇಂದಿಗೂ ಹೆಮ್ಮೆಯ ವಿಷಯ. ಅವರ ಕಾಲದಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಹದಿನೈದು ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದು ತಪ್ಪುತ್ತದೆ ಎಂದು ಹೇಳಿದ್ದು ಬಹುಮಟ್ಟಿಗೆ ನಿಜವಾಯಿತು. ಆದರೆ ದಾಖಲೆ ಸುಲಭವಾಗಿ ಕಾಣಸಿಕ್ಕಂತೆ ದೊಡ್ಡವರಿಗೆ ಜಮೀನು ಹುಡುಕುವುದೂ ಸುಲಭವಾಯಿತು, ಬೆಂಗಳೂರಿನ ಸುತ್ತ ಭೂಮಿಯ ವ್ಯಾಪಾರ ಬಿರುಸಾಯಿತು ಎಂದು ಕೆಲವು ಸಂಶೋಧಕರು ನಂತರ ತೋರಿಸಿದರು. ಈ ಎರಡನೆಯ ಫಲ ಯಾರ ಮುನ್ನೋಟದಲ್ಲೂ ಇರಲಿಲ್ಲ.

ಅದೇ 1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಅಂತರ್ಜಾಲ ಅಂಗಡಿ ಆರಂಭವಾಯಿತು. ಜನ ಮನೆಯಲ್ಲೇ ಕುಳಿತು ಸಾಮಾನು ತರಿಸಿಕೊಳ್ಳುತ್ತಾರೆ ಎಂಬುದು ಅದರ ಸ್ಥಾಪಕರ ನಂಬಿಕೆ. ಮರುವರ್ಷ ಮಾರ್ಚ್‌ನಲ್ಲಿ ಅಮೆರಿಕದ ನಾಸ್ಡಾಕ್ ಸೂಚ್ಯಂಕ 5,000 ದಾಟಿ, ನಂತರ ಕುಸಿಯತೊಡಗಿತು. ಡಾಟ್‌ಕಾಂ ಕಂಪನಿಗಳು ಸಾಲುಸಾಲಾಗಿ ಬಿದ್ದವು. ದಿನಸಿ ಮನೆಗೆ ತಲುಪಿಸಲು ಹೊರಟ ಅಲ್ಲಿಯ ವೆಬ್‌ವ್ಯಾನ್ 2001ರಲ್ಲಿ ದಿವಾಳಿಯಾಯಿತು. ಫ್ಯಾಬ್‌ಮಾರ್ಟ್ ಮುಂದೆ ಇಂಡಿಯಾಪ್ಲಾಜಾ ಎಂಬ ಹೆಸರು ಪಡೆದು 2013ರಲ್ಲಿ ಮುಚ್ಚಿತು. ಆದರೆ ಅದರ ಮೂಲ ತಂಡದ ಕೆಲವರೇ ಸೇರಿ 2011ರಲ್ಲಿ ಕಟ್ಟಿದ ಬಿಗ್‌ಬಾಸ್ಕೆಟ್ ನೆಲೆ ನಿಂತಿತು, 2021ರಲ್ಲಿ ಟಾಟಾ ಸಮೂಹದ ಪಾಲಾಯಿತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾದ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರನ್ನು 2018ರಲ್ಲಿ ವಾಲ್‌ಮಾರ್ಟ್ 16 ಬಿಲಿಯನ್ ಡಾಲರ್ ಕೊಟ್ಟು ಕೊಂಡಿತು.

ಭವಿಷ್ಯ ಸುಳ್ಳಾಗಿರಲಿಲ್ಲ, ಹತ್ತು ವರ್ಷ ಮುಂಚೆ ಬಂದಿತ್ತು. ಆದರೆ ವ್ಯಾಪಾರಿಗೆ ಹತ್ತು ವರ್ಷ ಮುಂಚೆ ಬರುವ ಸತ್ಯವೂ ಸುಳ್ಳೂ ಒಂದೇ. ಎರಡರಿಂದಲೂ ಬಂಡವಾಳ ಮುಳುಗುತ್ತದೆ.

ತದ್ವಿರುದ್ಧವಾದ ತಪ್ಪುಗಳೂ ಕಡಿಮೆಯಿಲ್ಲ. 1980ರ ದಶಕದಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿಗೆ ಹೆಸರಾಂತ ಸಲಹೆಗಾರರೊಬ್ಬರ ಸಂಸ್ಥೆ ಕೊಟ್ಟ ಅಂದಾಜಿನಂತೆ 2000ದ ಹೊತ್ತಿಗೆ ಆ ದೇಶದಲ್ಲಿ ಒಂಬತ್ತು ಲಕ್ಷ ಮೊಬೈಲ್ ಇರಬೇಕಿತ್ತು. ಆ ವೇಳೆಗೆ ಅಲ್ಲಿದ್ದದ್ದು ಹತ್ತು ಕೋಟಿಗೂ ಹೆಚ್ಚು. 1995ರ ಫೆಬ್ರವರಿಯಲ್ಲಿ ‘ನ್ಯೂಸ್‌ವೀಕ್’ ವಾರಪತ್ರಿಕೆಯಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಅಂತರ್ಜಾಲದ ಭ್ರಮೆಯನ್ನು ಗೇಲಿ ಮಾಡಿ, ದಿನಪತ್ರಿಕೆಯ ಜಾಗವನ್ನು ಅದು ಎಂದೂ ಕಸಿದುಕೊಳ್ಳಲಾರದು ಎಂಬರ್ಥದಲ್ಲಿ ಬರೆದಿದ್ದರು. ಪತ್ರಿಕೆ ಓದುವವರಿಗೂ ಅಚ್ಚು ಹಾಕುವವರಿಗೂ ಹಿತವೆನಿಸುವ ಮಾತು. ಅದೇ ‘ನ್ಯೂಸ್‌ವೀಕ್’ 2012ರ ಕೊನೆಯಲ್ಲಿ ತನ್ನ ಅಚ್ಚಿನ ಆವೃತ್ತಿಯನ್ನೇ ನಿಲ್ಲಿಸಿತು. ಒಂದೂವರೆ ವರ್ಷದೊಳಗೆ ಮತ್ತೆ ಆರಂಭಿಸಿತು ಎಂಬುದನ್ನೂ ಹೇಳಬೇಕು!

ಹಳೆಯ ಪಂಚಾಂಗ ಅಳಿಯುವುದಿಲ್ಲ

ಹೋದ ವರ್ಷದ ಪಂಚಾಂಗವನ್ನು ಯಾರೂ ತೆರೆದು, ಅರ್ಘಾಧಿಪತಿ ಹೇಳಿದ ಧಾರಣೆ ನಿಜವಾಯಿತೇ ಎಂದು ತಾಳೆ ನೋಡುವುದಿಲ್ಲ. ಅದು ಅಟ್ಟ ಸೇರುತ್ತದೆ. ಅಂತರ್ಜಾಲದಲ್ಲಿ ಅಟ್ಟವಿಲ್ಲ. ಮೂರು ವರ್ಷದ ಹಿಂದೆ ಯಾರೋ ‘ಈ ಷೇರು ಹತ್ತು ಪಟ್ಟು ಏರುತ್ತದೆ’ ಎಂದ ವಿಡಿಯೊ ದಿನಾಂಕ ಸಮೇತ ಹಾಗೇ ಬಿದ್ದಿರುತ್ತದೆ. ಹುಡುಗರು ಅದನ್ನು ಹುಡುಕಿ ತೆಗೆದು ನಗುತ್ತಾರೆ, ಸ್ಕ್ರೀನ್‌ಶಾಟ್ ಹೊಡೆದು ಗೆಳೆಯರಿಗೆ ಹಂಚುತ್ತಾರೆ. ಭವಿಷ್ಯ ಹೇಳುವವನಿಗೆ ಇಂಥ ಲೆಕ್ಕ ಪರಿಶೋಧಕರು ಹಿಂದೆಂದೂ ಇರಲಿಲ್ಲ. ಈ ತಲೆಮಾರಿನ ಮೊದಲ ಲಕ್ಷಣವೆಂದರೆ ಇದು. ಮುನ್ನೋಟವನ್ನು ಅದು ಆಸಕ್ತಿಯಿಂದ ಕೇಳುತ್ತದೆ, ಆದರೆ ಗೌರವದಿಂದ ಕೇಳುವುದಿಲ್ಲ.

ಅದಕ್ಕೆ ಕಾರಣಗಳೂ ಇವೆ. 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಲಾಗಿದ್ದ ಬೆಂಗಳೂರಿನ ಬೈಜೂಸ್ ಎರಡೇ ವರ್ಷದಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದದ್ದನ್ನು ಅವರು ನೋಡಿದ್ದಾರೆ. 2021ರ ನವೆಂಬರ್‌ನಲ್ಲಿ ಸುಮಾರು 69 ಸಾವಿರ ಡಾಲರ್ ಮುಟ್ಟಿದ ಬಿಟ್‌ಕಾಯಿನ್ ಮರುವರ್ಷ ಅದೇ ತಿಂಗಳು 17 ಸಾವಿರಕ್ಕಿಂತ ಕೆಳಗಿಳಿದು, ಮುಂದೆ ಮತ್ತೆ ಮೇಲೇರಿದ್ದನ್ನೂ ನೋಡಿದ್ದಾರೆ. ಕ್ಷ-ಕಿರಣ ಚಿತ್ರ ಓದುವ ವೈದ್ಯರನ್ನು ಇನ್ನು ತರಬೇತುಗೊಳಿಸುವುದೇ ಬೇಡ, ಐದು ವರ್ಷದಲ್ಲಿ ಯಂತ್ರವೇ ಆ ಕೆಲಸ ಮಾಡಲಿದೆ ಎಂದು 2016ರಲ್ಲಿ ಹೇಳಿದವರು ಯಾರೋ ದಾರಿಹೋಕರಲ್ಲ, ಮುಂದೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೆಫ್ರಿ ಹಿಂಟನ್. ಆ ವೈದ್ಯರು ಇಂದಿಗೂ ಬೇಡಿಕೆಯಲ್ಲಿದ್ದಾರೆ. ಬಲ್ಲವರೂ ತಪ್ಪುತ್ತಾರೆ ಎಂದಾದ ಮೇಲೆ ಕೃತಕ ಬುದ್ಧಿಮತ್ತೆಯಿಂದ ಯಾರ ಕೆಲಸ ಹೋಗುತ್ತದೆ ಎಂಬ ಪಟ್ಟಿಗಳನ್ನು ಎಂಜಿನಿಯರಿಂಗ್ ಓದುವ ಹುಡುಗಿ ಅರ್ಧ ಭಯ, ಅರ್ಧ ಅನುಮಾನದಿಂದ ಓದಿದರೆ ಆಶ್ಚರ್ಯವಿಲ್ಲ.

ಆದರೆ ಅನುಮಾನ ಇದ್ದಮಾತ್ರಕ್ಕೆ ಜಾಣತನ ಇದೆ ಎನ್ನಲಾಗದು. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು ನಾಲ್ಕು ಕೋಟಿ ಇದ್ದ ಡಿಮ್ಯಾಟ್ ಖಾತೆಗಳು ನಾಲ್ಕೇ ವರ್ಷದಲ್ಲಿ ಹದಿನೈದು ಕೋಟಿ ದಾಟಿದವು. ಹೊಸಬರಲ್ಲಿ ಬಹಳಷ್ಟು ಮಂದಿ ಸಣ್ಣ ಊರಿನ ಯುವಕರು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾಯಿದೆ ವ್ಯವಹಾರಕ್ಕೆ ಇಳಿದ ಬಿಡಿ ಹೂಡಿಕೆದಾರರಲ್ಲಿ ಶೇಕಡಾ 93ರಷ್ಟು ಮಂದಿ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. ‘ನಾಳೆ ಇನ್ನೂ ಇಳಿಯುತ್ತೆ, ಈಗಲೇ ಕೊಟ್ಟುಬಿಡಿ’ ಎನ್ನುವ ದಲ್ಲಾಳಿಯ ಮಾತಿನ ಹಿಂದಿನ ಲಾಭ ಯಾರದೆಂದು ಸಂತೆಗೆ ಹೋಗುವ ತಂದೆಗೆ ಗೊತ್ತಿತ್ತು. ಹೊಳೆಯುವ ಚಿತ್ರದ ಮೇಲೆ ಕೆಂಪು ಬಾಣ ಬರೆದ ವಿಡಿಯೊ ಮಾಡುವವನ ಲಾಭ ಎಲ್ಲಿದೆ ಎಂಬುದು ಮಗನಿಗೆ ಅಷ್ಟು ಬೇಗ ಹೊಳೆಯುವುದಿಲ್ಲ.

ಎಲ್ಲರಿಗೂ ಗೊತ್ತಾದ ಧಾರಣೆ

ಇನ್ನು ಹೊಲಕ್ಕೆ ಬರೋಣ. ಧಾರಣೆಯ ಸುದ್ದಿ ರೈತನಿಗೆ ತಡವಾಗಿ ತಲುಪುವುದೇ ಅವನ ನಷ್ಟಕ್ಕೆ ಕಾರಣ, ಸುದ್ದಿ ಬೇಗ ತಲುಪಿಸಿದರೆ ಸಮಸ್ಯೆ ಅರ್ಧ ಬಗೆಹರಿಯಿತು ಎಂಬುದು ಅಂತರ್ಜಾಲ ಕೊಟ್ಟ ದೊಡ್ಡ ಭರವಸೆಗಳಲ್ಲಿ ಒಂದು. 2014ರಲ್ಲಿ ಕರ್ನಾಟಕ ತನ್ನ ಕೃಷಿ ಮಾರುಕಟ್ಟೆಗಳನ್ನು ಗಣಕಜಾಲಕ್ಕೆ ಜೋಡಿಸುವ ಏಕೀಕೃತ ವೇದಿಕೆಯನ್ನು ಆರಂಭಿಸಿತು. ಕೇಂದ್ರದ ಇ-ನಾಮ್ ಬಂದದ್ದು 2016ರ ಏಪ್ರಿಲ್‌ನಲ್ಲಿ. ಸುದ್ದಿ ತಲುಪಿತು, ಅದರಿಂದ ಪ್ರಯೋಜನವೂ ಆಯಿತು. ಇಂದಿನ ಧಾರಣೆ ಇಂದೇ ಗೊತ್ತಿರುವ ರೈತನನ್ನು ತೂಕದ ಮುಂದೆ ಮೋಸ ಮಾಡುವುದು ಕಷ್ಟ.

ಆದರೆ ಇಂದಿನ ಧಾರಣೆ ಗೊತ್ತಾಗುವುದಕ್ಕೂ ಬೆಳೆ ಕೈಗೆ ಬರುವ ದಿನದ ಧಾರಣೆ ಗೊತ್ತಾಗುವುದಕ್ಕೂ ಅಜಗಜಾಂತರ. 2023ರ ಜುಲೈ ಕೊನೆಯಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಟೊಮೆಟೊ ಬೆಳೆದು ಕಾರು ಕೊಂಡವರ, ಮನೆ ಕಟ್ಟಿಸಿದವರ ಕಥೆಗಳು ಎಲ್ಲರ ಮೊಬೈಲಿಗೂ ಬಂದವು. ಬಹಳ ಮಂದಿ ನಾಟಿ ಮಾಡಿದರು. ನಾಟಿಯಿಂದ ಕೊಯ್ಲಿಗೆ ಎರಡು-ಎರಡೂವರೆ ತಿಂಗಳು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಕುಸಿದು ಕೀಳುವ ಕೂಲಿಯೂ ಹುಟ್ಟದ ಸ್ಥಿತಿ ಬಂತು. ಅರ್ಥಶಾಸ್ತ್ರಜ್ಞರು ಇದನ್ನು ‘ಜೇಡರ ಬಲೆ’ ಎನ್ನುತ್ತಾರೆ. 1934ರಲ್ಲಿ ನಿಕೋಲಸ್ ಕಾಲ್ಡೋರ್ ಇಟ್ಟ ಹೆಸರದು. ಈ ವರ್ಷದ ಬೆಲೆ ನೋಡಿ ಬಿತ್ತುವವರು ಮುಂದಿನ ಕೊಯ್ಲಿನಲ್ಲಿ ತಮ್ಮ ಬೆಲೆಯನ್ನು ತಾವೇ ಕೆಡಿಸುತ್ತಾರೆ. ಅದನ್ನು ಕಂಡು ಬಿತ್ತನೆ ಬಿಟ್ಟವರು ಆ ಮುಂದಿನ ಸಲ ಬೆಲೆ ಏರಿಸುತ್ತಾರೆ. ಕಾಗದದ ಮೇಲೆ ಇದನ್ನು ಗೆರೆಯಾಗಿ ಎಳೆದರೆ ಜೇಡನ ಬಲೆಯಂತೆಯೇ ಕಾಣುತ್ತದೆ.

ಸುದ್ದಿ ನಿಧಾನವಾಗಿದ್ದ ಕಾಲದಲ್ಲಿ ಕೆಲವರಿಗೆ ಮೊದಲು ಗೊತ್ತಾಗುತ್ತಿತ್ತು, ಕೆಲವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅದು ಅನ್ಯಾಯವೇ ಸರಿ. ಆದರೆ ಎಲ್ಲರೂ ಒಟ್ಟಿಗೆ ಒಂದೇ ಕಡೆ ಓಡುವುದನ್ನು ಅದು ಸ್ವಲ್ಪ ತಡೆಯುತ್ತಿತ್ತು ಎಂಬುದೂ ನಿಜ. ಈಗ ಒಂದೇ ಸಂಜೆ ಒಂದೇ ವಿಡಿಯೊವನ್ನು ಮದ್ದೂರಿನವರೂ ಮಾಲೂರಿನವರೂ ನೋಡುತ್ತಾರೆ. ಎಲ್ಲರೂ ನಂಬಿದ ಕ್ಷಣದಲ್ಲೇ ಆ ಭವಿಷ್ಯ ಸುಳ್ಳಾಗತೊಡಗುತ್ತದೆ. ಮಳೆಯ ಮುನ್ಸೂಚನೆಗೆ ಈ ಗಂಡಾಂತರವಿಲ್ಲ. ಜನ ನಂಬಿದರು ಎಂದು ಮೋಡ ದಿಕ್ಕು ಬದಲಿಸುವುದಿಲ್ಲ. ಹಾಗಿದ್ದೂ 2002ರಲ್ಲಿ ಹವಾಮಾನ ಇಲಾಖೆ ವಾಡಿಕೆಯ ಮುಂಗಾರು ಎಂದು ಹೇಳಿ, ದೇಶ ಶೇಕಡಾ 19ರಷ್ಟು ಮಳೆ ಕೊರತೆಯ ಬರ ಕಂಡಿತು.

ಕಬ್ಬಿನದು ಮತ್ತೊಂದು ಬಗೆ. ಅದರ ಬೆಲೆಯನ್ನು ಕೇಂದ್ರ ಸರ್ಕಾರ ಮೊದಲೇ ಘೋಷಿಸುತ್ತದೆ. 2014-15ರ ಹಂಗಾಮಿಗೆ ಟನ್ನಿಗೆ 2,200 ರೂಪಾಯಿ ಇದ್ದ ನ್ಯಾಯಸಮ್ಮತ ದರ 2025-26ರ ಹಂಗಾಮಿಗೆ 3,550 ರೂಪಾಯಿ. ಎರಡಕ್ಕೂ ಲೆಕ್ಕ ಹಿಡಿದ ಇಳುವರಿ ಪ್ರಮಾಣ ಬೇರೆ ಬೇರೆ ಎಂಬುದು ಬೇರೆ ಮಾತು. ಧಾರಣೆಯ ಭವಿಷ್ಯ ಕಾನೂನಿನಲ್ಲೇ ಬರೆದಿರುವ ಬೆಳೆ ಇದು. ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಪಾವತಿಯಾಗಬೇಕೆಂದು 1966ರ ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಸಕ್ಕರೆ ಬೆಲೆ ಕುಸಿದಾಗ ಬಾಕಿ ಬೆಟ್ಟದಂತೆ ಬೆಳೆಯುತ್ತದೆ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದವು. ಅವರಿಗೆ ಬೆಲೆ ಗೊತ್ತಿತ್ತು, ಹಣ ಕೈಸೇರುವ ದಿನ ಗೊತ್ತಿರಲಿಲ್ಲ. ಭರವಸೆಯ ಕುರುಹಾಗಿದ್ದ ಮೈಸೂರು ಸಕ್ಕರೆ ಕಾರ್ಖಾನೆಯೇ ಕೆಲವು ಹಂಗಾಮು ಕಬ್ಬು ಅರೆಯದೆ ನಿಂತು, 2022ರಲ್ಲಿ ಮತ್ತೆ ಚಾಲನೆ ಪಡೆಯಿತು. ಆ ದಿನಗಳಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳೇ ಇಂದಿನ ಯುವಕರು. ಕಬ್ಬಿನ ಮೇಲೆ ಸಾಲ ಮಾಡಿ ಮದುವೆ ಗೊತ್ತು ಮಾಡುವ ಧೈರ್ಯ ಅವರಲ್ಲಿ ಕಡಿಮೆ. ಹಸು ಕಟ್ಟಿ ಡೇರಿಗೆ ಹಾಲು ಹಾಕಿದರೆ ಲಾಭ ಕಡಿಮೆಯಾದರೂ ಬಟವಾಡೆಯ ದಿನ ಗೊತ್ತು ಎನ್ನುವ ಲೆಕ್ಕಾಚಾರ ಅವರದು.

ಹೆದ್ದಾರಿ ಮೇಲೆ, ವಡೆ ಕೆಳಗೆ

ಮದ್ದೂರಿನ ಹೆಸರನ್ನು ದೇಶಕ್ಕೆ ಪರಿಚಯಿಸಿದ ವಡೆಯ ಕಥೆಯೂ ಇಲ್ಲಿ ಪ್ರಸ್ತುತ. 1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ರೈಲು ಬಂತು. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದ ಉಪಾಹಾರ ಗೃಹದಲ್ಲಿ ರಾಮಚಂದ್ರ ಬುಧ್ಯ ಎಂಬವರು ಈ ವಡೆಯನ್ನು ಮಾಡಿದರೆಂದು ಹೇಳುತ್ತಾರೆ. ರೈಲು ನಿಂತಿದ್ದರಿಂದ ಹುಟ್ಟಿದ ವ್ಯಾಪಾರ ಇದು. ಮುಂದೆ ಬಸ್ಸು ನಿಂತಿತು, ಕಾರು ನಿಂತಿತು, ರಸ್ತೆಯುದ್ದಕ್ಕೂ ಹೋಟೆಲುಗಳಾದವು.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯನ್ನು ಉದ್ಘಾಟಿಸಿದರು. ಸುಮಾರು 118 ಕಿ.ಮೀ. ಉದ್ದ, ವೆಚ್ಚ 8,480 ಕೋಟಿ ರೂಪಾಯಿ. ಮೂರು ಗಂಟೆಯ ಪ್ರಯಾಣ ಒಂದೂಕಾಲು ಗಂಟೆಗೆ ಇಳಿಯುತ್ತದೆ, ಈ ಭಾಗದ ಆರ್ಥಿಕತೆಗೆ ಬಲ ಬರುತ್ತದೆ ಎಂಬುದು ಅಂದಿನ ಮುನ್ನೋಟ. ಪ್ರಯಾಣದ ಸಮಯ ಇಳಿದದ್ದು ನಿಜ. ಆದರೆ ಮದ್ದೂರಿನಲ್ಲಿ ರಸ್ತೆ ಪಟ್ಟಣದ ನೆತ್ತಿಯ ಮೇಲೆ ಹಾದುಹೋಯಿತು. ಮೇಲೆ ಹೋಗುವವನಿಗೆ ಕೆಳಗಿನ ಬಾಣಲೆಯ ವಾಸನೆ ಬಡಿಯುವುದಿಲ್ಲ. ಚನ್ನಪಟ್ಟಣದ ಬೊಂಬೆ ಅಂಗಡಿಗಳದೂ ಇದೇ ಅಳಲು. 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ. ಅಂದರೆ ಆ ರಸ್ತೆಗೆ ಜಮೀನು ಬಿಟ್ಟುಕೊಟ್ಟ ಊರಿನವನು ತನ್ನ ಟ್ರ್ಯಾಕ್ಟರಿನಲ್ಲಿ ಅದರ ಬದಿಯಲ್ಲಷ್ಟೇ ಹೋಗಬೇಕು.

ರಸ್ತೆ ಯಾವಾಗ ಬರುತ್ತದೆ, ಎಲ್ಲಿ ಮೇಲೇರುತ್ತದೆ ಎಂಬುದು ನಕ್ಷೆಯಲ್ಲಿ ವರ್ಷಗಳ ಮೊದಲೇ ಇತ್ತು. ಇದು ಗ್ರಹಗತಿಯಲ್ಲ, ಯಾರೂ ಊಹಿಸಬೇಕಾಗಿರಲಿಲ್ಲ. ಹೋಟೆಲಿನವರೊಡನೆ, ಅಂಗಡಿಯವರೊಡನೆ ಕುಳಿತು ಲೆಕ್ಕ ಹಾಕುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ. ಮೊಬೈಲಿನಲ್ಲಿ ಜಗತ್ತಿನ ಭವಿಷ್ಯವನ್ನೆಲ್ಲ ಓದುವ ತಲೆಮಾರಿಗೂ ತನ್ನ ಊರಿನ ಮೇಲ್ಸೇತುವೆಯ ನಕ್ಷೆ ಯಾವ ಕಚೇರಿಯಲ್ಲಿದೆ ಎಂಬುದು ಹೆಚ್ಚಾಗಿ ತಿಳಿದಿರುವುದಿಲ್ಲ.

ಆರು ವರ್ಷದ ಪ್ರಶ್ನೆ

ಮದ್ದೂರಿನ ಎಳನೀರು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರು ಪಡೆದಿದೆ. ಇಲ್ಲಿಂದ ಲಾರಿಗಳು ಮುಂಬೈ, ದೆಹಲಿಗಳವರೆಗೆ ಹೋಗುತ್ತವೆ. ಕಬ್ಬಿನ ಬಾಕಿಯಿಂದ ಬೇಸತ್ತವರು ತೆಂಗಿನತ್ತ ತಿರುಗಿದ್ದಾರೆ. ಮಂಡ್ಯ ಸೀಮೆಯಲ್ಲಿ ಅಪ್ಪ-ಮಕ್ಕಳ ನಡುವಿನ ಮಾತು ಈಗ ಬಹುತೇಕ ಈ ಗಿಡದ ಸುತ್ತಲೇ.

ತೆಂಗು ನೆಡುವುದೆಂದರೆ ಆರು-ಏಳು ವರ್ಷ ಮುಂದಿನ ಧಾರಣೆಯ ಮೇಲೆ ಪಣ ಕಟ್ಟಿದಂತೆ. ಎತ್ತರದ ನಾಟಿ ತಳಿ ಫಲಕ್ಕೆ ಬರುವುದೇ ಅಷ್ಟು ಹೊತ್ತಿಗೆ. ಒಮ್ಮೆ ಬಂತೆಂದರೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಿ. ಯಾವ ಆ್ಯಪ್ ಅಷ್ಟು ದೂರದ ಧಾರಣೆ ಹೇಳುತ್ತದೆ? ಹೇಳಿದರೂ 2016ರಲ್ಲಿ ದಕ್ಷಿಣ ಭಾರತದಲ್ಲಿ ಮೊದಲಿಗೆ ಕಾಣಿಸಿಕೊಂಡು ತೆಂಗಿನ ಗರಿಗಳನ್ನು ಕಪ್ಪಾಗಿಸಿದ ಸುರುಳಿ ಬಿಳಿನೊಣದಂಥ ಅತಿಥಿಗಳ ಬಗ್ಗೆ ಅದಕ್ಕೆ ಏನು ಗೊತ್ತು? ‘ನಿಮ್ಮ ತಾತ ಯಾವ ಫೋನು ನೋಡಿ ಗಿಡ ಹಾಕಿದ್ರಪ್ಪ?’ ಎನ್ನುವ ಧಾಟಿಯ ತಂದೆಯ ಮಾತಿಗೆ ಮಗನ ಬಳಿ ಉತ್ತರವಿರುವುದಿಲ್ಲ. ‘ತಾತನ ಕಾಲದಲ್ಲಿ ಬ್ಯಾಂಕಿನ ಕಂತು ಇತ್ತಾ?’ ಎನ್ನುವ ಮರುಪ್ರಶ್ನೆಗೆ ತಂದೆಯ ಬಳಿಯೂ ಇರುವುದಿಲ್ಲ.

ಇಲ್ಲಿ ಹೊಸ ತಲೆಮಾರು ಹಿಡಿದಿರುವ ದಾರಿ ಕುತೂಹಲಕರ. ದೂರದ ಭವಿಷ್ಯವನ್ನು ಹೆಚ್ಚು ಸರಿಯಾಗಿ ಊಹಿಸಲು ಅದು ಹೋಗುವುದಿಲ್ಲ. ಕಾಯಬೇಕಾದ ದೂರವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಚೌಘಾಟ್ ಕಿತ್ತಳೆಯಂಥ ಗಿಡ್ಡ ತಳಿಗಳು ಮೂರು-ನಾಲ್ಕು ವರ್ಷಕ್ಕೇ ಎಳನೀರು ಕೊಡುತ್ತವೆ. ಮರ ಹತ್ತುವ ಆಳು ಬೇಕಿಲ್ಲ, ನೆಲದ ಮೇಲೆ ನಿಂತೇ ಗೊನೆ ಇಳಿಸಬಹುದು. ಆದರೆ ಬರಕ್ಕೆ, ಕೀಟಕ್ಕೆ ಅವು ಬೇಗ ಸೋಲುತ್ತವೆ, ಆಯುಸ್ಸೂ ಕಡಿಮೆ, ಆರೈಕೆ ಹೆಚ್ಚು. ನೀರು ತಪ್ಪಿದ ಬೇಸಿಗೆಯೊಂದರಲ್ಲಿ ತಾತನ ಮರ ಗರಿ ಜೋತುಹಾಕಿಕೊಂಡಾದರೂ ಬದುಕುತ್ತದೆ, ಮೊಮ್ಮಗನ ಗಿಡ ಬದುಕುವುದು ಕಷ್ಟ. ಬೋರ್‌ವೆಲ್ ಕೈಕೊಡುವುದಿಲ್ಲ ಎಂಬುದೂ ಒಂದು ಭವಿಷ್ಯವೇ. ಅದನ್ನು ಮಾತ್ರ ಯಾರೂ ಸ್ಕ್ರೀನ್‌ಶಾಟ್ ಹೊಡೆದು ಇಟ್ಟುಕೊಂಡಿರುವುದಿಲ್ಲ.

ಹಾಗಾಗಿ ಎರಡನ್ನೂ ಇಟ್ಟುಕೊಳ್ಳುವವರಿದ್ದಾರೆ. ಬದುವಿನ ಮೇಲೆ ನಾಟಿ ತಳಿ, ಒಳಗೆ ಗಿಡ್ಡ ತಳಿ. ಅಣ್ಣ ತಮ್ಮಂದಿರಲ್ಲಿ ಒಬ್ಬ ಬೆಳಗಿನ ರೈಲಿಗೆ ಬಿಡದಿಗೋ ಬೆಂಗಳೂರಿಗೋ ಹೊರಡುತ್ತಾನೆ, ಇನ್ನೊಬ್ಬ ತೋಟದಲ್ಲಿ ಉಳಿಯುತ್ತಾನೆ. ಮುಂಗಾರು ಹಿಡಿಯುವ ಮೊದಲು ಮೂರಡಿ ಗುಣಿ ತೆಗೆದು, ಗೊಬ್ಬರ-ಮಣ್ಣು ತುಂಬಿ, ಮಳೆಗೆ ಕಾಯುವ ಕೆಲಸ ಇಬ್ಬರ ತಳಿಗೂ ಒಂದೇ. ಮಳೆ ನಕ್ಷತ್ರ ಯಾವುದೆಂದು ತಂದೆ ಪಂಚಾಂಗ ನೋಡಿ ಹೇಳುತ್ತಾನೆ, ಮೂರು ದಿನದಲ್ಲಿ ಎಷ್ಟು ಮಿಲಿಮೀಟರ್ ಎಂದು ಮಗ ಫೋನಿನಲ್ಲಿ ನೋಡುತ್ತಾನೆ. ಆಮೇಲೆ ಇಬ್ಬರೂ ತಲೆಯೆತ್ತಿ ಪಶ್ಚಿಮದ ಮೋಡ ನೋಡುತ್ತಾರೆ.